ನಾಯಿ ಅಗಳದ ಕಂಡಿ ಹತ್ತಿರ ನಿಂತುಬಿಡ್ತದೆ, ಮುಂದೆ ಬರಲ್ಲ. ಎಂತ ಇರಬಹುದು?

ಸೊಪ್ಪಿನಬೆಟ್ಟ (ತೀರ್ಥಹಳ್ಳಿ ಕಡೆ)
ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದವರು, ಕಾಡು ಗೊತ್ತಿದ್ದವರು ಸ್ವಲ್ಪ ಹೇಳಿ.

ಬೇಸಿಗೆಯಲ್ಲಿ ನಮ್ಮಲ್ಲಿ ತ್ರೀ ಫೇಸ್ ಕರೆಂಟ್ ಕೊಡೋದು ಬೆಳಗಿನ ಜಾವ. ಹಾಗಾಗಿ ಬೆಳಕು ಹರಿಯೋ ಮೊದಲೇ ತೋಟಕ್ಕೆ ಇಳಿದು ನೀರು ಹಾರಿಸೋ ಜೆಟ್ (ಸ್ಪ್ರಿಂಕ್ಲರ್) ಬದಲಾಯಿಸಬೇಕು. ನಮ್ಮ ಕರಿಯ ಮರಿಯಿದ್ದಾಗಿಂದ ನನ್ನ ಜೊತೆಗೇ ಬರ್ತಾನೆ. ಊರ ನಾಯಿ, ಜಾತಿ ಗೀತಿ ಎಂತದೂ ಇಲ್ಲ. ತೋಟದ ಕೆಲಸ ಮುಗಿದ ಮೇಲೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನಬೆಟ್ಟ ಹತ್ತಿ, ಹಕ್ಕಲಲ್ಲಿ (ಕುರುಚಲು ಕಾಡಲ್ಲಿ) ಒಂದು ಸುತ್ತು ಹಾಕಿ ಮನೆಗೆ ಬರೋದು ನಮ್ಮಿಬ್ಬರ ರೂಢಿ. ಆ ಹೊತ್ತು ಅಂದರೆ ನನಗೆ ಬಹಳ ಇಷ್ಟ. ದರಗಿನ (ಒಣ ಎಲೆಗಳ) ಮೇಲೆ ಅವನು ನಡೆಯೋ ಸದ್ದು, ಹಳ್ಳದ ಕಡೆಯಿಂದ ಶಿಳ್ಳೆ ಹಕ್ಕಿ, ಅಷ್ಟು ಬಿಟ್ಟರೆ ಸೊಲ್ಲೇ ಇರಲ್ಲ. ಇಡೀ ದಿನದಲ್ಲಿ ಮೊಬೈಲ್ ನೆನಪಾಗದ ಹೊತ್ತು ಅದೊಂದೇ.

ಯುಗಾದಿ ಕಳೆದ ಮೇಲಿಂದ ಒಂದು ವಿಚಿತ್ರ ಶುರುವಾಗಿದೆ. ಬೆಟ್ಟದ ತುದಿಯಲ್ಲಿ ಹಳೇ ಅಗಳ (ಕಂದಕ) ಇದೆ, ಒಂದು ಕಡೆ ದರೆ ಕುಸಿದು ಕಂಡಿ ಬಿದ್ದಿದೆ. ನಾವು ದಾಟೋದು ಅಲ್ಲೇ. ಕರಿಯ ಅಲ್ಲಿವರೆಗೆ ಬರ್ತಾನೆ, ಆಮೇಲೆ ಕೂತುಬಿಡ್ತಾನೆ. ಬೊಗಳಲ್ಲ, ಗುರ್ ಅನ್ನಲ್ಲ. ಬಾಲ ಕಾಲಸಂದಿಗೆ ಸೇರಿಸಿ ನನ್ನ ಮುಖ ನೋಡ್ತಾನೆ. ನಾನು ದಾಟಿದರೆ ಕುಂಯ್ ಅಂತಾನೆ, ಆದರೂ ಬರಲ್ಲ. ಬ್ಯಾಣದ (ಹುಲ್ಲುಗಾವಲಿನ) ಕಡೆಯಿಂದ ದೂರ ಸುತ್ತಿ ಬಂದು ಆಚೆ ಸೇರಿಕೊಳ್ತಾನೆ. ಮೊದಲೆಲ್ಲ ನನಗಿಂತ ಮುಂದೆ ಹಾರಿ ಹೋಗ್ತಿದ್ದ ನಾಯಿ ಇದು.

ಊಟ, ಓಡಾಟ ಎಲ್ಲ ಸರಿಯಾಗಿದೆ. ಅದು ಚೌಡಿ ದೇವತೆ ಇರೋ ಜಾಗ, ಏನೋ ತಪ್ಪಾಗಿದೆ ಅಂತ ನಮ್ಮಮ್ಮ ಹೇಳ್ತಾರೆ. ನಿಮಗೆ ಎಂತ ಅನ್ನಿಸ್ತದೆ?

ಶರಾವತಿ ದಂಡೆ
ಚಿರತೆ. ಅನುಮಾನವೇ ಬೇಡ ಮಾರಾಯ್ರೆ. ಹಂದಿ ಕಂಡರೆ ನಾಯಿ ಬೊಗಳ್ತದೆ, ಹಾವು ಕಂಡರೆ ಇನ್ನೂ ಜೋರು ಬೊಗಳ್ತದೆ. ಬಾಯಿ ಕಟ್ಟಿ ಹೋಗೋದು ಚಿರತೆ ವಾಸನೆಗೆ ಮಾತ್ರ. ನಮ್ಮ ಕಡೆ ಎಷ್ಟು ಮನೆಯ ನಾಯಿಗಳನ್ನು ಜಗಲಿಯಿಂದಲೇ ಎತ್ತಿಕೊಂಡು ಹೋಗಿದೆ. ಕತ್ತಲಲ್ಲಿ ಒಬ್ಬರೇ ಹೋಗೋದು ಮೊದಲು ನಿಲ್ಲಿಸಿ.

ಕಾಫಿ ಹೂವು (ಕೊಪ್ಪ)
ಚಿರತೆ ಒಂದೇ ಕಂಡಿಯಲ್ಲಿ ದಿನಾ ಬೆಳಗ್ಗೆ ಬಂದು ಕೂರ್ತದಾ? ಅದು ಮೈಲುಗಟ್ಟಲೆ ತಿರುಗೋ ಪ್ರಾಣಿ. ಚಿರತೆ ಭಯ ಆಗಿದ್ದರೆ ನಾಯಿ ರಾತ್ರಿ ಅಂಗಳದಲ್ಲೂ ಹಾಗೇ ಮಾಡಬೇಕಿತ್ತು. ಇವರು ಹೇಳ್ತಿರೋದು ಒಂದೇ ಜಾಗದ ಮಾತು, ಆಚೆ ಹಕ್ಕಲಲ್ಲಿ ಅದಕ್ಕೆ ಭಯವೇ ಇಲ್ಲ. ಜಾಗದಲ್ಲೇ ಏನೋ ಇದೆ.

ಆಗುಂಬೆ ಘಾಟಿ
ಕಾಳಿಂಗ ಇರಬಹುದು, ತಳ್ಳಿಹಾಕಬೇಡಿ. ಈಗ ಅದರ ಕಾಲವೇ. ಹೆಣ್ಣು ಕಾಳಿಂಗ ಬಿದಿರೆಲೆ, ದರಗು ಎಲ್ಲ ಮೈಯಿಂದಲೇ ಎಳೆದು ರಾಶಿ ಮಾಡಿ ಒಳಗೆ ಮೊಟ್ಟೆ ಇಡ್ತದೆ, ಆಮೇಲೆ ಅಲ್ಲೇ ಕಾವಲು ಕೂರ್ತದೆ. ಗೂಡು ಕಟ್ಟೋ ಹಾವು ಅದೊಂದೇ. ಕಂಡಿ ಹತ್ತಿರ ಎಲೆ ರಾಶಿ ಕಂಡರೆ ಕೋಲು ಹಾಕಿ ಕೆದಕಬೇಡಿ, ಅರಣ್ಯ ಇಲಾಖೆಯವರಿಗೆ ಹೇಳಿ. ನಮ್ಮ ಕಡೆ ಇಂಥ ಗೂಡುಗಳನ್ನು ಇದ್ದಲ್ಲೇ ಬಿಟ್ಟು ಮರಿ ಆಗೋವರೆಗೆ ಕಾಯ್ತೇವೆ.

ಸೊಪ್ಪಿನಬೆಟ್ಟ
@ಆಗುಂಬೆ ಘಾಟಿ, ಅಲ್ಲಿ ಬಿದಿರಿಲ್ಲ. ಲಂಟಾನ ಜಿಗ್ಗು, ಒಂದು ಮತ್ತಿ ಮರ, ನಾಲ್ಕಾರು ಕವಲು ಗಿಡ ಅಷ್ಟೇ. ಎಲೆ ರಾಶಿ ಕಾಣಲಿಲ್ಲ.

ದಣಪೆ
ಚೌಡಿಗೆ ಒಂದು ಕಾಯಿ ಒಡೆಸಿ. ಅಮ್ಮನ ಮನಸ್ಸಿಗೂ ಸಮಾಧಾನ.

ಕಾಫಿ ಹೂವು (ಕೊಪ್ಪ)
ಕಾಯಿ ಒಡೆಸಲಿ, ಬೇಡ ಅನ್ನಲ್ಲ. ಅಷ್ಟಕ್ಕೇ ಬಿಟ್ಟರೆ ನಾಯಿ ಏನು ಹೇಳ್ತಿದೆ ಅಂತ ನೋಡೋರು ಯಾರು?

ದಣಪೆ
ಚೌಡಿ ಬನ ಅಂತ ಬಿಟ್ಟಿದ್ದಕ್ಕೇ ನಮ್ಮೂರಲ್ಲಿ ನಾಲ್ಕು ದೊಡ್ಡ ಮರ ಉಳಿದಿವೆ, ಅದನ್ನೂ ನೆನಪಿಟ್ಟುಕೊಳ್ಳಿ.

ಹೊಸನಗರದ ಹುಡುಗಿ (ಈಗ ಬೆಂಗಳೂರು)
ಬೇರೆ ಮಾತು ಆಡ್ತೀನಿ ಅಂತ ಬೇಜಾರಾಗಬೇಡಿ. ನಾಯಿಯನ್ನು ಕಾಡಿನ ಅಂಚಲ್ಲಿ ಬಿಟ್ಟುಕೊಂಡು ಹೋಗೋದೇ ಸರಿಯಲ್ಲ. ಬೇಸಿಗೆಯಲ್ಲಿ ಕಾಡುಕೋಳಿ, ನವಿಲು ನೆಲದ ಮೇಲೆ ಮೊಟ್ಟೆ ಇಡೋ ಸಮಯ. ಬರ್ಕ, ಮೊಲ ಎಲ್ಲ ನಾಯಿ ಬಾಯಿಗೆ ಸುಲಭದ ತುತ್ತು. ಸಾಕುನಾಯಿಯ ಡಿಸ್ಟೆಂಪರ್ ರೋಗ ಕೆನ್ನಾಯಿ, ನರಿಗಳಿಗೂ ಹರಡ್ತದೆ. ಬೆಲ್ಟ್ ಹಾಕಿ ಹಗ್ಗದಲ್ಲಿ ಕರೆದುಕೊಂಡು ಹೋಗಿ ಅಂಕಲ್.

ಮಲೆನಾಡ ಗಿಡ್ಡ
ತೋಟದ ನಾಯಿಗೆ ಹಗ್ಗವಾ? ಒಂದು ಕೈಲಿ ಪೈಪ್, ಒಂದು ಕೈಲಿ ಟಾರ್ಚ್, ಮೂರನೇ ಕೈ ಎಲ್ಲಿಂದ ತರೋದು ತಂಗಿ? ಮಂಗ ಓಡಿಸೋದು, ಹಂದಿ ಬಂದರೆ ಎಬ್ಬಿಸೋದು ಎಲ್ಲ ಬಿಟ್ಟ ನಾಯಿ ಕೆಲಸ. ಕಟ್ಟಿ ಸಾಕಿದ ನಾಯಿ ಕಚ್ಚೋದು ಕಲೀತದೆ, ಕಾಯೋದು ಕಲಿಯಲ್ಲ.

ಹೊಸನಗರದ ಹುಡುಗಿ
ನಾನೂ ತೋಟದ ಮನೆಯವಳೇ. ನಮ್ಮಪ್ಪ ಕೊನೆ ಕೊಯ್ಲಿನ ಟೈಮಲ್ಲೂ ನಾಯಿಗೆ ಉದ್ದ ಹಗ್ಗ ಹಾಕ್ತಿದ್ದರು. ತೋಟದೊಳಗೆ ಬಿಡಿ, ಬೇಡ ಅನ್ನಲ್ಲ. ಅಗಳ ದಾಟಿದ ಮೇಲೆ ಅದು ನಮ್ಮ ಜಾಗ ಅಲ್ಲ.

ಶರಾವತಿ ದಂಡೆ
ಸೊಪ್ಪಿನಬೆಟ್ಟ ಯಾರ ಜಾಗ ಅಂತ ಶುರು ಮಾಡಿದರೆ ಈ ಚರ್ಚೆ ಮಳೆಗಾಲದವರೆಗೂ ಮುಗಿಯಲ್ಲ. ನಾಯಿ ವಿಷಯಕ್ಕೆ ಬನ್ನಿ.

ಗೋಡಾಕ್ಟ್ರು (ಸಾಗರ ಕಡೆ, ಪಶುವೈದ್ಯೆ)
ಎಲ್ಲರೂ ಜಾಗ ನೋಡ್ತಿದ್ದೀರಿ, ನಾಯಿಯ ಮೈ ಯಾರೂ ನೋಡಲಿಲ್ಲ. ಒಂದು ಜಾಗಕ್ಕೆ ನಾಯಿ ಹೀಗೆ ಹೆದರೋದು ಸಾಮಾನ್ಯವಾಗಿ ಅಲ್ಲಿ ನೋವು ತಿಂದಿದ್ದರೆ. ಜೇನು ಕಚ್ಚಿರಬಹುದು, ಹಂದಿ ಕೋರೆ ತಾಗಿರಬಹುದು, ಮುಳ್ಳುಹಂದಿ ಮುಳ್ಳು ಚುಚ್ಚಿರಬಹುದು. ಇವತ್ತು ಬಿಸಿಲಿಗೆ ಕೂರಿಸಿ ಕಿವಿಯಿಂದ ಶುರು ಮಾಡಿ ಬಾಲದವರೆಗೆ ಕೂದಲು ಹಿಂದಕ್ಕೆ ಸರಿಸಿ ನೋಡಿ. ಕಾಲ್ಬೆರಳ ಸಂದಿ, ಕಂಕುಳು, ಕುತ್ತಿಗೆಯ ಕೆಳಗೆ ಬಿಡಬೇಡಿ. ವಸಡು ಎತ್ತಿ ನೋಡಿ, ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉಣುಗಿನ (ಉಣ್ಣೆಹುಳದ) ಜ್ವರ ಇರಬಹುದು, ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಕಾನುಮನೆ
ಉಣುಗಿಗೆ ಸೀಮೆಎಣ್ಣೆ ಹಚ್ಚಿದರೆ ತಾನಾಗೇ ಉದುರ್ತದೆ. ಹೊಗೆಸೊಪ್ಪಿನ ನೀರೂ ಆಗ್ತದೆ. ಅಜ್ಜನ ಕಾಲದ್ದು.

ಗೋಡಾಕ್ಟ್ರು
ದಯವಿಟ್ಟು ಎರಡೂ ಬೇಡ. ನಾಯಿ ಮೈ ನೆಕ್ಕಿಕೊಳ್ತದೆ, ಸೀಮೆಎಣ್ಣೆ ಮತ್ತು ಹೊಗೆಸೊಪ್ಪು ಎರಡೂ ಅದಕ್ಕೆ ವಿಷ. ಸೀಮೆಎಣ್ಣೆಗೆ ಚರ್ಮವೂ ಸುಡ್ತದೆ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗಿದ ಹಾಗೆ ಹಿಡಿದು ನೇರ ಎಳೀರಿ. ಬೆರಳಲ್ಲಿ ಹಿಚುಕಬೇಡಿ. ಈಗ ನಾಯಿಗೆ ನುಂಗಿಸೋ ಮಾತ್ರೆಗಳೇ ಇವೆ, ತೂಕ ನೋಡಿ ಕೊಡ್ತೇವೆ.

ಕಾನುಮನೆ
ಆಯ್ತು ಮೇಡಂ. ಆದರೆ ಒಂದು ಹೇಳಿ. ನಾಯಿ ಕಾಡಿಗೆ ಹೋಗಿ ಬಂದರೆ ಮನೆಗೆ ಮಂಗನ ಕಾಯಿಲೆ ಬರ್ತದೆ ಅಂತ ನಮ್ಮಲ್ಲಿ ಕೆಲವರು ನಾಯಿಯನ್ನೇ ದೂರ ಬಿಟ್ಟು ಬಂದಿದ್ದಾರೆ. ಅದು ನಿಜವಾ?

ಆಶಾ ಅಕ್ಕ
ಇದನ್ನು ನಾನು ಹೇಳ್ತೇನೆ, ಮನೆ ಮನೆಗೆ ಹೇಳಿ ಹೇಳಿ ಬಾಯಿಪಾಠ ಆಗಿದೆ. ನಾಯಿಯಿಂದ ಮನುಷ್ಯರಿಗೆ ಆ ಕಾಯಿಲೆ ನೇರವಾಗಿ ಬರಲ್ಲ. ಮನುಷ್ಯರಿಂದ ಮನುಷ್ಯರಿಗೂ ಬರಲ್ಲ. ಬರೋದು ಕಾಡಿನ ಉಣುಗು ಕಚ್ಚಿದರೆ, ಅದರಲ್ಲೂ ಕಣ್ಣಿಗೆ ಸರಿಯಾಗಿ ಕಾಣದ ಮರಿ ಉಣುಗು. ನಾಯಿಯ ಕಿವಿಯಲ್ಲಿ ಬೂದು ಬಣ್ಣಕ್ಕೆ ಉಬ್ಬಿಕೊಂಡಿರ್ತದಲ್ಲ, ಹೆಚ್ಚಾಗಿ ಅದು ನಾಯಿ ಉಣುಗು, ಬೇರೆ ಜಾತಿ. ಆದರೆ ದನ, ನಾಯಿ, ನಮ್ಮ ಬಟ್ಟೆ ಯಾವುದಕ್ಕಾದರೂ ಅಂಟಿಕೊಂಡು ಕಾಡಿನ ಉಣುಗು ಮನೆ ಬಾಗಿಲಿಗೆ ಬರಬಹುದು. ಅದಕ್ಕೇ ನಾಯಿಯನ್ನು ಹಾಸಿಗೆ ಮೇಲೆ ಬಿಡಬೇಡಿ ಅನ್ನೋದು.

1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲೇ ಇದು ಮೊದಲು ಗೊತ್ತಾಗಿದ್ದು. ಇಂಗ್ಲಿಷಲ್ಲಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಅನ್ನೋ ಹೆಸರಲ್ಲಿ ಆ ಊರೇ ಇದೆ. ಸಾಗರ ತಾಲೂಕಿನ ಅರಲಗೋಡಿನಲ್ಲಿ 2019ರಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಡಿಸೆಂಬರಿಂದ ಮಳೆ ಹಿಡಿಯೋವರೆಗೆ ಜೋರು. ಹಾಗಾಗಿ ದರಗಲ್ಲಿ ಓಡಾಡೋರು ಉಣುಗು ಹತ್ತದ ಹಾಗೆ ಹಚ್ಚೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಂಡೇ ಹೋಗಿ, ಬಂದ ತಕ್ಷಣ ಬಟ್ಟೆ ಸೋಪಿನ ನೀರಿಗೆ ಹಾಕಿ, ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ನಾಯಿಯನ್ನೂ ಹತ್ತಿರ ಬಿಡಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಒಂದು ವಾರದೊಳಗೆ ಒಮ್ಮೆಲೇ ಜ್ವರ, ತಲೆ ಸಿಡಿಯೋ ನೋವು ಬಂದರೆ ಅಂಗಡಿ ಮಾತ್ರೆ ತಿಂದು ಮಲಗಬೇಡಿ.

ನಾಯಿ ಬಿಟ್ಟು ಬಂದವರಿಗೆ ಹೇಳಿ: ಅದು ಪಾಪದ ಕೆಲಸ, ಪ್ರಯೋಜನವೂ ಇಲ್ಲ.

ನೀಲಿ ಹಳ್ಳ
ಶಿಳ್ಳೆ ಹಕ್ಕಿ ಅಂದ್ರಲ್ಲ, ಅದು ಈಗಾಗಲೇ ಶುರುವಾಗಿದೆಯಾ ನಿಮ್ಮಲ್ಲಿ? ನಮ್ಮ ಮನೆ ಹಿಂದಿನ ಹಳ್ಳದಲ್ಲಿ ಇನ್ನೂ ಸುಮ್ಮನಿದೆ. ಮೊದಲ ಅಡ್ಡಮಳೆ ಬಿದ್ದ ಮೇಲೆ ಶುರು ಮಾಡ್ತದೆ.

ಸೊಪ್ಪಿನಬೆಟ್ಟ
ನಮ್ಮಲ್ಲಿ ಒಂದು ಮಳೆ ಬಂತು. ಅದಾದ ಮೇಲಿಂದ ದಿನಾ ಬೆಳಕು ಹರಿಯೋ ಮೊದಲು ಇದೆ.

ಮಲೆನಾಡ ಗಿಡ್ಡ
ನಮ್ಮ ರಾಣಿ ಆ ಹಕ್ಕಿ ಕೂಗಿದಾಗೆಲ್ಲ ಎದ್ದು ಅಂಗಳಕ್ಕೆ ಓಡ್ತಾಳೆ. ತಮ್ಮ ಶಿಳ್ಳೆ ಹಾಕಿ ಕರೆದ ಅಂತಲೇ ತಿಳ್ಕೊಳ್ತಾಳೆ. ತಮ್ಮ ಮಂಗಳೂರಲ್ಲಿದ್ದಾನೆ. ಹೋಗಿ ಸಂಕದ ಹತ್ತಿರ ನಿಂತು ನೋಡಿ ವಾಪಸ್ ಬರ್ತಾಳೆ, ಮರುದಿನ ಮತ್ತೆ ಓಡ್ತಾಳೆ. ನೋಡೋಕೆ ನನಗೇ ಸಂಕಟ.

ನೀಲಿ ಹಳ್ಳ
ಅಯ್ಯೋ. ತಮ್ಮನಿಗೆ ಫೋನ್ ಮಾಡಿ ಹೇಳಿ, ಒಂದು ಸಲ ಬಂದು ಹೋಗಲಿ.

ಸೊಪ್ಪಿನಬೆಟ್ಟ
@ಗೋಡಾಕ್ಟ್ರು, ನೀವು ಹೇಳಿದ ಹಾಗೆ ನೋಡಿದೆ. ವಸಡು ಚೆನ್ನಾಗಿದೆ, ಕಾಲಲ್ಲಿ ಏನೂ ಇಲ್ಲ. ಕುತ್ತಿಗೆಯ ಕೆಳಗೆ, ಗಂಟಲಿನ ಹತ್ತಿರ, ಒಂದು ಗೆರೆ ಇದೆ. ಅಲ್ಲಿ ಕೂದಲು ಹೋಗಿ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ. ಬಲಗಡೆ ಕಿವಿಯ ಹಿಂದಿನವರೆಗೆ ಏರ್ತದೆ, ಎಡಗಡೆ ಅರ್ಧಕ್ಕೇ ನಿಲ್ತದೆ. ಅಗಲ ಒಂದು ಬೆಂಕಿಕಡ್ಡಿಯಷ್ಟೂ ಇಲ್ಲ. ಮುಟ್ಟಿದರೆ ಕೈ ನೂಕ್ತಾನೆ. ಕಪ್ಪು ನಾಯಿ ಆದ್ದರಿಂದ ದೂರದಿಂದ ಏನೂ ಕಾಣಲ್ಲ.

ಹೊಸನಗರದ ಹುಡುಗಿ
ಬೆಲ್ಟ್ ಬಿಗಿಯಾಗಿರಬೇಕು.

ಸೊಪ್ಪಿನಬೆಟ್ಟ
ಅವನಿಗೆ ಬೆಲ್ಟೇ ಇಲ್ಲ ತಂಗಿ. ಯಾವತ್ತೂ ಹಾಕಿಲ್ಲ.

ಹಳೇ ಕೋವಿ
ಉರುಳು.

ಹುಡುಗುತನದಲ್ಲಿ ಹಿರಿಯರ ಜೊತೆ ಬೇಟೆಗೆ ಹೋದವನು ನಾನು. ಬಿಟ್ಟು ದಶಕಗಳಾದವು, ಆದರೆ ಆ ಗೆರೆ ಮರೆಯಲ್ಲ. ಬೈಕಿನ ಕ್ಲಚ್ ಕೇಬಲ್ ಹಾಕಿರ್ತಾರೆ. ಹಂದಿ ದಾಟೋ ಕಂಡಿಯಲ್ಲಿ, ಮಂಡಿಯಿಂದ ಕೆಳಗೆ ಬರೋ ಎತ್ತರಕ್ಕೆ ಕುಣಿಕೆ ಬಿಟ್ಟು ಇನ್ನೊಂದು ತುದಿ ಮರಕ್ಕೆ ಬಿಗಿದಿರ್ತಾರೆ. ಎಳೆದಷ್ಟೂ ಬಿಗಿಯಾಗ್ತದೆ. ಬೇಸಿಗೆಯಲ್ಲಿ ಗುಡ್ಡ ಒಣಗಿ ಹಂದಿಗಳೆಲ್ಲ ತೋಟದ ತಂಪಿಗೆ ಇಳೀತವೆ, ಜೆಟ್ ಹಾರಿದ ನೆಲದಲ್ಲಿ ಎರೆಹುಳ ಸಿಗ್ತದೆ, ಹಲಸಿನ ಹಣ್ಣು ಬೀಳ್ತದೆ. ಉರುಳು ಹಾಕೋರಿಗೂ ಅದು ಗೊತ್ತು.

ನಿಮ್ಮ ಕರಿಯ ಹೇಗೋ ಬಿಡಿಸಿಕೊಂಡು ಬಂದಿದ್ದಾನೆ. ನೀವು ಕತ್ತಲಲ್ಲಿ ಆ ಕಂಡಿ ದಾಟಬೇಡಿ. ಇಬ್ಬರು ಸೇರಿ, ಪೂರ್ತಿ ಬೆಳಕಾದ ಮೇಲೆ ಹೋಗಿ. ಮರದ ಬುಡ ನೋಡಿ, ಕುಣಿಕೆ ಹುಡುಕೋದಕ್ಕಿಂತ ಕಟ್ಟು ಹುಡುಕೋದು ಸುಲಭ. ನೆಲದಲ್ಲಿ ಹಿಟ್ಟಿನ ಉಂಡೆ ತರಹ ಏನಾದರೂ ಕಂಡರೆ ಮುಟ್ಟಲೇಬೇಡಿ, ಸಿಡಿಮದ್ದು ಇರಬಹುದು.

ಗೋಡಾಕ್ಟ್ರು
ಹಳೇ ಕೋವಿಯವರು ಹೇಳಿದ್ದು ಸರಿ ಅನ್ನಿಸ್ತದೆ. ಇನ್ನೊಂದು: ತಂತಿ ಬಿಗಿದ ಗಾಯ ಮೊದಲು ಏನೂ ಇಲ್ಲದ ಹಾಗೆ ಕಾಣ್ತದೆ, ಒಳಗೆ ರಕ್ತ ಓಡದೆ ದಿನ ಕಳೆದ ಮೇಲೆ ಚರ್ಮ ಕೊಳೆಯೋದುಂಟು. ನಿಮ್ಮಲ್ಲಿ ಒಣಗಿದೆ ಅಂದರೆ ಅಪಾಯ ದಾಟಿರಬಹುದು, ಆದರೂ ಒಮ್ಮೆ ತೋರಿಸಿ. ಉಳಿದವರಿಗೂ ಹೇಳ್ತೇನೆ. ನಾಯಿ ಉರುಳಲ್ಲಿ ಸಿಕ್ಕಿದ್ದು ಕಂಡರೆ ಎಳೆಯಬೇಡಿ. ಬಾಯಿಗೆ ಬಟ್ಟೆ ಕಟ್ಟಿ, ಉಸಿರಾಟಕ್ಕೆ ತೊಂದರೆ ಇದ್ದರೆ ಕಟ್ಟಬೇಡಿ, ನಾಯಿಯನ್ನು ಕಟ್ಟಿನ ಕಡೆಗೆ ತಳ್ಳಿ ತಂತಿ ಸಡಿಲ ಮಾಡಿ, ಆಮೇಲೆ ಕತ್ತರಿಸಿ. ಎಷ್ಟೇ ಸಾಕಿದ ನಾಯಿಯೂ ಆ ನೋವಲ್ಲಿ ಕಚ್ಚಬಹುದು. ಕಚ್ಚಿದರೆ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನಮ್ಮದೇ ನಾಯಿ ಅಂತ ಬಿಡಬಾರದು.

ಶುಂಠಿ ಕಣ
ಎಲ್ಲರೂ ಉರುಳು ಹಾಕಿದವನನ್ನು ಬೈತೀರಿ. ಒಂದು ರಾತ್ರಿಗೆ ನೂರಾರು ಅಡಿಕೆ ಸಸಿ ಬುಡಮೇಲು ಮಾಡಿ ಹೋದರೆ ಆ ಸಂಕಟ ಯಾರಿಗೆ ಹೇಳೋದು? ಬೀಜ, ಗೊಬ್ಬರ, ಕೂಲಿ ಎಲ್ಲ ಸಾಲ. ಹಂದಿಗೆ ಒಂದು ಸಲಕ್ಕೆ ಆರೆಂಟು ಮರಿ. ನಾನು ಉರುಳು ಹಾಕಿಲ್ಲ, ಆದರೆ ಹಾಕಿದವನ ಹೊಟ್ಟೆ ಉರಿ ನನಗೆ ಅರ್ಥ ಆಗ್ತದೆ.

ಕಾಫಿ ಹೂವು (ಕೊಪ್ಪ)
ಹೊಟ್ಟೆ ಉರಿ ಅರ್ಥ ಆಗ್ತದೆ ಮಾರಾಯ್ರೆ. ಆದರೆ ಉರುಳಿಗೆ ಹಂದಿ ಯಾವುದು, ನಾಯಿ ಯಾವುದು, ದನದ ಕರು ಯಾವುದು ಅಂತ ಗೊತ್ತಾಗ್ತದಾ? ಚಿರತೆಗಳು ಸೊಂಟಕ್ಕೆ ತಂತಿ ಸಿಕ್ಕಿ ಒದ್ದಾಡಿ ಸಾಯೋದು ಪೇಪರಲ್ಲಿ ಎಷ್ಟು ಸಲ ಬಂದಿಲ್ಲ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಉರುಳು ಹಾಕೋದನ್ನೂ ಬೇಟೆ ಅಂತಲೇ ಸೇರಿಸಿದ್ದಾರೆ. ಬೆಳೆ ಹಾಳಾದರೆ ಪರಿಹಾರಕ್ಕೆ ಅರ್ಜಿ ಹಾಕೋ ದಾರಿ ಇದೆ.

ಶುಂಠಿ ಕಣ
ಪರಿಹಾರದ ದುಡ್ಡಲ್ಲಿ ಸಸಿ ಬರಬಹುದು, ಕಳೆದ ವರ್ಷಗಳು ಬರ್ತಾವಾ?

ಕಾಫಿ ಹೂವು (ಕೊಪ್ಪ)
ಬರಲ್ಲ. ಅದನ್ನು ನಾನೂ ಒಪ್ತೇನೆ.

ಸೊಪ್ಪಿನಬೆಟ್ಟ
ನೋಡಿ ಬಂದೆವು. ನಾನು, ಪಕ್ಕದ ಮನೆಯ ಅಣ್ಣ, ಇಬ್ಬರೇ.

ಹಳೇ ಕೋವಿಯವರು ಹೇಳಿದ ಹಾಗೆ ಮರದ ಬುಡದಿಂದಲೇ ಹುಡುಕಿದೆವು. ಕಂಡಿಯ ಎಡಗಡೆ, ಲಂಟಾನದ ಒಳಗೆ, ತೋಳು ದಪ್ಪದ ಒಂದು ಕವಲು ಗಿಡ. ಅದರ ಬುಡಕ್ಕೆ ಕೇಬಲ್ ನಾಲ್ಕು ಸುತ್ತು ಸುತ್ತಿ ಬಿಗಿದಿದ್ದಾರೆ. ಒಂದು ಮೊಳ ಉದ್ದಕ್ಕೆ ತುಂಡಾಗಿದೆ. ತುಂಡಾದ ತುದಿಯಲ್ಲಿ ಎಳೆಗಳು ಒಂದೊಂದೇ ತುಕ್ಕು ಹಿಡಿದು ಬಿಚ್ಚಿಕೊಂಡಿವೆ, ಎರಡು ಎಳೆಗಳ ಮಧ್ಯೆ ಕಪ್ಪು ಕೂದಲು ಸಿಕ್ಕಿಕೊಂಡಿದೆ. ಗಿಡದ ತೊಗಟೆ ಮೊಣಕಾಲೆತ್ತರದವರೆಗೆ ಕಿತ್ತುಹೋಗಿದೆ, ಹಲ್ಲಿನ ಗುರುತು ಸ್ಪಷ್ಟ ಕಾಣ್ತದೆ. ಸುತ್ತ ನೆಲದಲ್ಲಿ ದರಗೇ ಇಲ್ಲ, ಕೆಂಪು ಮಣ್ಣು ಬರೋವರೆಗೆ ಉಗುರಲ್ಲಿ ಕೆರೆದಿದ್ದಾನೆ. ಎಷ್ಟು ಹೊತ್ತು ಒದ್ದಾಡಿದನೋ. ತುಕ್ಕು ಹಿಡಿದ ಕೇಬಲ್ ಆಗಿದ್ದಕ್ಕೆ ಬದುಕಿ ಬಂದ. ಕಂಡಿಯ ಇನ್ನೊಂದು ಬದಿಗೆ ಹೊಸ ಕೇಬಲ್ ಹಾಕಿ ಕುಣಿಕೆ ಬಿಟ್ಟಿದ್ದರು. ಅದು ನಾನು ದಿನಾ ಕಾಲಿಡ್ತಿದ್ದ ಕಲ್ಲಿನಿಂದ ಎರಡು ಗೇಣು ದೂರ.

ಮುಟ್ಟದೆ ಫೋಟೋ ತೆಗೆದು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು. ಬಂದರು, ಅಗಳದ ಉದ್ದಕ್ಕೂ ನಡೆದರು, ಇನ್ನೂ ಎರಡು ಸಿಕ್ಕವು. ಎಲ್ಲ ಕಿತ್ತು ತಗೊಂಡು ಹೋದರು, ಬರೆದುಕೊಂಡರು.

ಕರಿಯ ಹತ್ತಿರವೂ ಬರಲಿಲ್ಲ. ಬ್ಯಾಣದಲ್ಲಿ ನಿಂತು ನೋಡ್ತಿದ್ದ.

ಹಳೇ ಕೋವಿ
ಬದುಕಿದನಲ್ಲ, ಅಷ್ಟು ಸಾಕು. ಅವನನ್ನು ಆ ಕಂಡಿಗೆ ಬಲವಂತ ಮಾಡಬೇಡಿ. ನೀವೇ ಬ್ಯಾಣದ ದಾರಿಯಲ್ಲಿ ಹೋಗಿ.

ಶರಾವತಿ ದಂಡೆ
ಯಾರು ಹಾಕಿದ್ದು ಅಂತ ಗೊತ್ತಾಯ್ತಾ?

ಸೊಪ್ಪಿನಬೆಟ್ಟ
ಊಹೆ ಇದೆ. ಇಲ್ಲಿ ಬರೆಯಲ್ಲ. ಬೆಳಗ್ಗೆ ಎದ್ದರೆ ಮುಖ ನೋಡಬೇಕಾದ ಜನ. ಊರಲ್ಲಿ ಎಲ್ಲರೂ ಕೂತು ಮಾತಾಡ್ತೇವೆ, ಹಂದಿ ಕಾಟ ನನಗೂ ಇದೆ. ಅಗಳದ ಉದ್ದಕ್ಕೆ ಆರು ಮನೆಯವರು ಸೇರಿ ಸೋಲಾರ್ ಬೇಲಿ ಹಾಕಿಕೊಂಡರೆ ಹೇಗೆ ಅಂತ ಅಣ್ಣ ಹೇಳ್ತಿದ್ದಾರೆ.

ದಣಪೆ
ಕಾಯಿ?

ಸೊಪ್ಪಿನಬೆಟ್ಟ
ಅಮ್ಮ ನಿನ್ನೆಯೇ ಒಡೆಸಿದರು. ಕರಿಯನಿಗೆ ಒಂದು ಹೋಳು ಕೊಟ್ಟರು.

ಹೊಸನಗರದ ಹುಡುಗಿ
ಓದಿ ಕಣ್ಣಲ್ಲಿ ನೀರು ಬಂತು. ಅಂಕಲ್, ಇನ್ನಾದರೂ ಅಗಳದಾಚೆ ಹಗ್ಗ ಹಾಕಿ. ಹಗ್ಗದಲ್ಲಿದ್ದರೆ ನೀವು ಜೊತೆಗಿರ್ತಿದ್ದಿರಿ, ಒಬ್ಬನೇ ಒದ್ದಾಡ್ತಿರಲಿಲ್ಲ.

ಮಲೆನಾಡ ಗಿಡ್ಡ
ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ ತಂಗಿ. ಬೇಸಿಗೆ ಮುಗಿಯೋವರೆಗೆ ರಾಣಿಯನ್ನು ಬೆಳಗ್ಗೆ ಕಟ್ಟಿ ಹಾಕಿ, ಬಿಸಿಲೇರಿದ ಮೇಲೆ ನಾನಿದ್ದಾಗ ಬಿಡ್ತೇನೆ. ತೋಟದೊಳಗೆ ಮಾತ್ರ ಬಿಟ್ಟೇ ಇರ್ತಾಳೆ, ಅದರಲ್ಲಿ ಬದಲಿಲ್ಲ.

ಶುಂಠಿ ಕಣ
ಸೋಲಾರ್ ಬೇಲಿ ಹಂದಿಗೆ ನಿಲ್ತದಾ? ನಮ್ಮಲ್ಲಿ ಒಬ್ಬರು ಹಾಕಿದ್ದಾರೆ, ಅಡಿಯಿಂದ ನುಗ್ಗಿ ಹೋಗ್ತವೆ ಅಂತಾರೆ.

ಕಾಫಿ ಹೂವು (ಕೊಪ್ಪ)
ಕೆಳಗಿನ ತಂತಿ ನೆಲದಿಂದ ಒಂದಡಿಗಿಂತ ಕೆಳಗೇ ಇರಬೇಕು, ಅದರ ಮೇಲೆ ಇನ್ನೊಂದು. ಎತ್ತರಕ್ಕೆ ಹಾಕಿದರೆ ಹಂದಿ ಮೂತಿಗೆ ತಾಗೋದೇ ಇಲ್ಲ, ನುಗ್ಗಿ ಹೋಗ್ತದೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟ್ ಎಲ್ಲ ನೆಲಕ್ಕೆ ಇಳೀತದೆ, ಹದಿನೈದು ದಿನಕ್ಕೊಮ್ಮೆ ಕತ್ತಿ ಹಿಡಿದು ಬೇಲಿ ಬುಡ ಸವರಲೇಬೇಕು. ಸೋಲಾರ್ ಬೇಲಿಯ ಯಂತ್ರ ಬಿಟ್ಟು ಬಿಟ್ಟು ಹೊಡೀತದೆ, ಪ್ರಾಣಿ ಬೆಚ್ಚಿ ಹಿಂದೆ ಸರೀತದೆ, ಸಾಯಲ್ಲ. ಮನೆ ಲೈನಿಂದ ನೇರ ಕರೆಂಟ್ ಕೊಡೋದು ಮಾತ್ರ ಯಾವ ಕಾರಣಕ್ಕೂ ಬೇಡ, ಅದಕ್ಕೆ ಮನುಷ್ಯರೇ ಸತ್ತಿದ್ದಾರೆ.

ಶುಂಠಿ ಕಣ
ಬುಡ ಸವರೋದೇ ಕಷ್ಟ, ಆಳು ಸಿಗಲ್ಲ. ನಾಲ್ಕು ಮನೆ ಸೇರಿದರೆ ಆಗಬಹುದು. @ಸೊಪ್ಪಿನಬೆಟ್ಟ, ನಿಮ್ಮಲ್ಲಿ ಖರ್ಚಿನ ಲೆಕ್ಕ ಹಾಕಿದ ಮೇಲೆ ಇಲ್ಲೇ ಬರೀರಿ. ಮಳೆ ಹಿಡಿಯೋ ಮೊದಲು ಕಂಬ ಹುಗಿಯಬೇಕು.

ಗೋಡಾಕ್ಟ್ರು
ಕರಿಯನನ್ನು ಕರೆದುಕೊಂಡು ಬರುವಾಗ ಹುಚ್ಚುನಾಯಿ ರೋಗದ ಲಸಿಕೆ ಕಾರ್ಡ್ ಇದ್ದರೆ ತನ್ನಿ. ವರ್ಷಕ್ಕೊಮ್ಮೆ ಆಗಬೇಕು, ಕಾಡಿನಂಚಿನ ನಾಯಿಗೆ ತಪ್ಪಿಸಲೇಬಾರದು. ಡಿಸ್ಟೆಂಪರ್ ಲಸಿಕೆಯನ್ನೂ ಜೊತೆಗೇ ನೋಡೋಣ.

ಸೊಪ್ಪಿನಬೆಟ್ಟ
ಕಾರ್ಡ್ ಇದೆ ಮೇಡಂ. ಸೋಮವಾರ ಜೀಪಲ್ಲಿ ಕರೆದುಕೊಂಡು ಬರ್ತೇನೆ.